ತೋಟದ ರೈಟರೂ ಮಂಗಳ ಗ್ರಹವೂ

ಪರವೂರಿನವರಿಗೆ 'ಪಲ್ಪ್' ಎಂಬ ಮಾತು ಕೇಳಿದರೆ ಏನು ನೆನಪಾಗುವುದೋ ನಾನರಿಯೆ. ಕೊಡಗಿನವರಾದ ನಮಗಂತೂ ಮೊದಲು ಮೂಗಿಗೆ ಒಂದು ವಾಸನೆ ಬಂದುಬಿಡುತ್ತದೆ. ಕಾಫಿ ಕೊಯ್ಲಿನ ದಿನಗಳಲ್ಲಿ ತೋಟದ ಪಲ್ಪ್ ಹೌಸಿನ ಮುಂದೆ ಹಾದುಹೋದವರಿಗೆ ಆ ವಾಸನೆಯನ್ನು ಬೇರೆ ವರ್ಣಿಸಿ ಹೇಳಬೇಕಾಗಿಲ್ಲ. ಹಣ್ಣಾದ ಕಾಫಿಯನ್ನು ಯಂತ್ರಕ್ಕೆ ಕೊಟ್ಟು, ಮೇಲಿನ ಕೆಂಪು ಸಿಪ್ಪೆಯನ್ನೂ ತಿರುಳನ್ನೂ ಬಿಡಿಸಿ, ಒಳಗಿನ ಬೀಜವನ್ನು ತೊಳೆದು ಕಣದಲ್ಲಿ ಹರವುತ್ತಾರೆ. ಬೀಜಕ್ಕೆ ಬೆಲೆಯುಂಟು, ಮರ್ಯಾದೆಯುಂಟು. ಸಮುದ್ರ ದಾಟಿ ಹೋಗುವ ಯೋಗವೂ ಉಂಟು. ತಿರುಳಿನ ಪಾಲಿಗೆ ಗೊಬ್ಬರದ ಗುಂಡಿ.

ಇಂಗ್ಲಿಷಿನಲ್ಲಿ ಇದೇ ಹೆಸರಿನ ಒಂದು ಸಾಹಿತ್ಯವಿದೆ. 1896ರ ಸುಮಾರಿನಿಂದ ಅಮೆರಿಕದಲ್ಲಿ ಮರದ ತಿರುಳಿನಿಂದ ಮಾಡಿದ ಒರಟು ಕಾಗದದ ಮೇಲೆ ಅಗ್ಗದ ಕಥಾಪತ್ರಿಕೆಗಳನ್ನು ಅಚ್ಚು ಹಾಕತೊಡಗಿದರು. ಕಾಗದದ ಹೆಸರೇ ಕಥೆಗೂ ಅಂಟಿಕೊಂಡಿತು. ಪತ್ತೇದಾರಿ, ಕಾಡು, ಕಡಲುಗಳ್ಳರು, ಗ್ರಹಾಂತರ ಯಾತ್ರೆ—ಯಾವುದಾದರೇನು, ಓದಿ ಎಸೆಯುವ ಸರಕು ಎಂದು ಪಂಡಿತರು ಅದನ್ನು ಗೊಬ್ಬರದ ಗುಂಡಿಗೆ ಸೇರಿಸಿದರು. ಗುಂಡಿಗೆ ಹೋದ ತಿರುಳು ಮರುವರ್ಷ ಗಿಡದ ಬುಡಕ್ಕೆ ಬರುತ್ತದೆಂಬುದು ತೋಟದವರಿಗೆ ಗೊತ್ತು. ಪಂಡಿತರಿಗೆ ಅಷ್ಟು ಬೇಗ ಗೊತ್ತಾಗಲಿಲ್ಲ.

ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಪಂಪ, ರನ್ನ, ಕುಮಾರವ್ಯಾಸರ ನಡುವೆ ಓಡಾಡಿಕೊಂಡಿರಬೇಕಾದವನು ಮಂಗಳ ಗ್ರಹದ ಕಥೆಗಳ ಮಾತೆತ್ತಿದರೆ ಓದುಗರು ಹುಬ್ಬೇರಿಸಬಹುದು. ಆದರೆ ಈ ವಿಷಯ ನನ್ನ ಮನೆಯ ಕಪಾಟಿನಲ್ಲಿಯೇ ಕುಳಿತು, ಈ ವರ್ಷ ತೀರ್ಮಾನ ಕೇಳುತ್ತಿದೆ. ಆದುದರಿಂದ ಸ್ವಲ್ಪ ತಾಳ್ಮೆಯನ್ನು ಬೇಡುತ್ತೇನೆ.

1911ರಲ್ಲಿ ಷಿಕಾಗೋ ಪಟ್ಟಣದಲ್ಲಿ ಎಡ್ಗರ್ ರೈಸ್ ಬರೋಸ್ ಎಂಬ ಮೂವತ್ತೈದರ ಗೃಹಸ್ಥನೊಬ್ಬನಿದ್ದ. ಕೈ ಹಾಕಿದ ವ್ಯಾಪಾರಗಳೆಲ್ಲ ಕೈಕೊಟ್ಟಿದ್ದವು. ಆಗ ಅವನು ನಡೆಸುತ್ತಿದ್ದುದು ಪೆನ್ಸಿಲ್ ಹೆರೆಯುವ ಯಂತ್ರಗಳನ್ನು ಮಾರಿಸುವ ಕೆಲಸ. ಅಗ್ಗದ ಕಥಾಪತ್ರಿಕೆಗಳನ್ನು ನೋಡುತ್ತ ನೋಡುತ್ತ, ಇಷ್ಟು ಕೆಟ್ಟದಾಗಿ ಬರೆಯುವುದಾದರೆ ನನಗೂ ಬಂದೀತು ಎನ್ನಿಸಿ ಲೇಖನಿ ಹಿಡಿದ. ಅವನ ಮೊದಲ ಕಥೆ 'ಆಲ್ ಸ್ಟೋರಿ' ಪತ್ರಿಕೆಯಲ್ಲಿ 1912ರ ಫೆಬ್ರವರಿಯಿಂದ ಜುಲೈವರೆಗೆ ಧಾರಾವಾಹಿಯಾಗಿ ಬಂತು. ಸಂಭಾವನೆ 400 ಡಾಲರು. ಅದೇ ವರ್ಷದ ಅಕ್ಟೋಬರಿನಲ್ಲಿ ಅದೇ ಪತ್ರಿಕೆಯಲ್ಲಿ ಅವನ ಟಾರ್ಜನ್ನನೂ ಮರದಿಂದಿಳಿದು ಬಂದ. ಟಾರ್ಜನ್ ಯಾರಿಗೆ ಗೊತ್ತಿಲ್ಲ? ಮೊದಲ ಕಥೆ ಮಾತ್ರ ನಮ್ಮ ಕಡೆ ಅಷ್ಟು ಬಳಕೆಯಲ್ಲಿಲ್ಲ. 1917ರಲ್ಲಿ ಅದು 'ಎ ಪ್ರಿನ್ಸೆಸ್ ಆಫ್ ಮಾರ್ಸ್' ಎಂಬ ಹೆಸರಿನಿಂದ ಪುಸ್ತಕವಾಯಿತು.

ಕಥೆ ಹೀಗಿದೆ. ಜಾನ್ ಕಾರ್ಟರ್ ಎಂಬ ಸೈನಿಕ, ಅರಿಜೋನಾದ ಬೆಟ್ಟವೊಂದರ ಗುಹೆಯಲ್ಲಿ ಶತ್ರುಗಳಿಂದ ಅವಿತಿರುವಾಗ ದೇಹವನ್ನು ಅಲ್ಲಿಯೇ ಬಿಟ್ಟು, ಕೆಂಪು ಗ್ರಹದತ್ತ ಕೈಚಾಚಿ, ಕಣ್ಣುಮುಚ್ಚಿ ತೆರೆಯುವುದರೊಳಗೆ ಅಲ್ಲಿರುತ್ತಾನೆ. ಮಂಗಳನ ಆಕರ್ಷಣೆ ಭೂಮಿಯದಕ್ಕಿಂತ ಕಡಮೆ, ನೂರಕ್ಕೆ ಮೂವತ್ತೆಂಟರಷ್ಟು. ಆದುದರಿಂದ ನಮ್ಮ ವೀರ ಒಂದು ಹೆಜ್ಜೆ ಇಡಲು ಹೋದರೆ ಮನೆ ದಾಟಿ ಬೀಳುತ್ತಾನೆ. ನಾಲ್ಕು ತೋಳಿನ ಹಸುರು ಜನ, ಮೊಟ್ಟೆಯಿಂದ ಹುಟ್ಟುವ ಮಕ್ಕಳು, ಒಣಗಿದ ಕಡಲು, ಒಬ್ಬಳು ರಾಜಕುಮಾರಿ, ಇಡೀ ಗ್ರಹಕ್ಕೆ ಉಸಿರು ಒದಗಿಸುವ ಒಂದು ಗಾಳಿಯ ಕಾರ್ಖಾನೆ. ಕೊನೆಯಲ್ಲಿ ಕಾರ್ಖಾನೆ ನಿಂತುಹೋಗುತ್ತದೆ. ವೀರ ಅದರ ಬಾಗಿಲನ್ನು ತೆರೆದುಕೊಟ್ಟು ಕುಸಿಯುತ್ತಾನೆ. ಎಚ್ಚರವಾದಾಗ ಭೂಮಿಯ ಗುಹೆಯಲ್ಲಿರುತ್ತಾನೆ. ಗ್ರಹ ಉಳಿಯಿತೋ ಇಲ್ಲವೋ ಅವನಿಗೂ ತಿಳಿಯದು, ಓದುಗನಿಗೂ ತಿಳಿಯದು.

ಇದೆಲ್ಲ ಬರೋಸನ ತಲೆಯಿಂದಲೇ ಬಂತೆ? ಗುಹೆ ಬಂದುದು ಅವನ ಬಾಳಿನಿಂದ. 1896ರಲ್ಲಿ ಅವನು ಅರಿಜೋನಾದ ಕುದುರೆಪಡೆಯಲ್ಲಿ ಸಿಪಾಯಿಯಾಗಿದ್ದ. ಒಣಗುತ್ತಿರುವ ಗ್ರಹ ಬಂದುದು ಖಗೋಳಜ್ಞರಿಂದ. 1877ರಲ್ಲಿ ಇಟಲಿಯ ಷಿಯಾಪರೆಲ್ಲಿ ಎಂಬುವನು ಮಂಗಳನ ಮೇಲೆ ಗೆರೆಗಳನ್ನು ಕಂಡು ಅವಕ್ಕೆ ತನ್ನ ಭಾಷೆಯಲ್ಲಿ ಓಣಿ, ಕಾಲುವೆ ಎಂಬರ್ಥದ ಹೆಸರಿಟ್ಟ. ಇಂಗ್ಲಿಷಿಗೆ ಬರುವಾಗ ಅದು ಜನ ತೋಡಿದ ನಾಲೆಯಾಗಿಬಿಟ್ಟಿತು. ಅಮೆರಿಕದ ಲೊವೆಲ್ 1895ರಲ್ಲಿ ಪುಸ್ತಕ ಬರೆದು, ಸಾಯುತ್ತಿರುವ ಗ್ರಹದ ಜಾಣ ಜನ ಧ್ರುವಗಳ ಹಿಮದಿಂದ ನೀರು ತರಲು ನಾಲೆ ಕಟ್ಟಿದ್ದಾರೆ ಎಂದು ವಾದಿಸಿದ. ಭಾಷಾಂತರದ ಒಂದು ಎಡವಟ್ಟಿನಿಂದ ಒಂದು ನಾಗರಿಕತೆಯೇ ಎದ್ದು ನಿಂತಿತೆಂದರೆ, ಭಾಷೆಯ ಮೇಷ್ಟರಾದ ನಮಗೆ ಭಯವೂ ಆಗಬೇಕು, ಸ್ವಲ್ಪ ಹೆಮ್ಮೆಯೂ ಆಗಬೇಕು.

ಕಥೆಗಾರರ ಸಾಲವೂ ಇತ್ತು. 1880ರಲ್ಲಿಯೇ ಪರ್ಸಿ ಗ್ರೆಗ್ ಎಂಬ ಆಂಗ್ಲನು ಮಂಗಳಯಾತ್ರೆಯ ಕಾದಂಬರಿ ಬರೆದಿದ್ದ. ಎಲ್ಲಕ್ಕಿಂತ ಹೆಚ್ಚು ಚರ್ಚೆಗೆ ಬಂದದ್ದು 1905ರಲ್ಲಿ ಎಡ್ವಿನ್ ಲೆಸ್ಟರ್ ಆರ್ನಾಲ್ಡ್ ಬರೆದ ಲೆಫ್ಟಿನೆಂಟ್ ಗಲಿವರ್ ಜೋನ್ಸನ ಕಥೆ. ಅಲ್ಲಿಯೂ ಒಬ್ಬ ಅಮೆರಿಕದ ಯೋಧ. ಅವನು ಹೋಗುವುದು ಒಂದು ಮಾಯಾ ಜಮಖಾನದಲ್ಲಿ ಸುತ್ತಿಕೊಂಡು. ಅಲ್ಲಿಯೂ ಮಂಗಳ, ಅಲ್ಲಿಯೂ ಅಪಹರಣಕ್ಕೀಡಾದ ರಾಜಕುಮಾರಿ, ಅಲ್ಲಿಯೂ ಸತ್ತವರನ್ನು ಹೊತ್ತೊಯ್ಯುವ ಒಂದು ನದಿ. ಬರೋಸನ ಎರಡನೆಯ ಮಂಗಳಕಥೆಯಲ್ಲಿ ಮುದುಕರು ಕೊನೆಯ ಯಾತ್ರೆ ಹೊರಡುವ ನದಿಯೊಂದಿದೆ. ಇವೆರಡಕ್ಕೂ ಬಲುಹಿಂದೆಯೇ ವೈತರಣಿ ಹರಿಯುತ್ತಿದ್ದುದನ್ನು ನಮ್ಮವರಿಗೆ ನೆನಪಿಸಬೇಕಾಗಿಲ್ಲ. ರಿಚರ್ಡ್ ಲುಪಾಫ್ ಎಂಬ ವಿಮರ್ಶಕನು 1965ರಲ್ಲಿ ಒಂದು ಗ್ರಂಥವನ್ನೇ ಬರೆದು, ಬರೋಸನ ಮಂಗಳಕ್ಕೆ ಆರ್ನಾಲ್ಡನೇ ಮೂಲವೆಂದು ವಾದ ಹೂಡಿದ. ಬರೋಸ್ ಆ ಪುಸ್ತಕವನ್ನು ಓದಿದ್ದನೆಂಬುದಕ್ಕೆ ಸಾಕ್ಷ್ಯವಿಲ್ಲ. ಹೋಲಿಕೆಗಳು ಮಾತ್ರ ಇವೆ. ಆರ್ನಾಲ್ಡನಾದರೂ ತನ್ನ ಸಾಲವನ್ನು ಬಚ್ಚಿಡಲಿಲ್ಲ. ವೀರನ ಹೆಸರೇ ಗಲಿವರ್. ಸ್ವಿಫ್ಟನ 1726ರ ಯಾತ್ರಿಕನ ನೇರ ಸಂತಾನ. ಜಮಖಾನ ಅರೇಬಿಯದ ಇರುಳುಗಳದ್ದು.

ಈ ಆರ್ನಾಲ್ಡ್ ಯಾರೆಂದು ಹುಡುಕಹೋದಾಗ ನನಗೊಂದು ಆಶ್ಚರ್ಯ ಕಾದಿತ್ತು. ಬುದ್ಧನ ಚರಿತೆಯನ್ನು 'ಲೈಟ್ ಆಫ್ ಏಷ್ಯಾ' ಎಂದು 1879ರಲ್ಲಿ ಹಾಡಿದ, ಗಾಂಧೀಜಿಗೆ ಲಂಡನ್ನಿನಲ್ಲಿ ತನ್ನ ಅನುವಾದದ ಮೂಲಕ ಗೀತೆಯ ಪರಿಚಯ ಮಾಡಿಕೊಟ್ಟ ಸರ್ ಎಡ್ವಿನ್ ಆರ್ನಾಲ್ಡರ ಮಗನೇ ಈತ. ತಂದೆ ಪುಣೆಯ ಡೆಕ್ಕನ್ ಕಾಲೇಜಿನ ಪ್ರಿನ್ಸಿಪಾಲರಾಗಿದ್ದವರು. ಮಗನು ದೊಡ್ಡವನಾದ ಮೇಲೆ ಬಂದದ್ದು ನಮ್ಮ ದಕ್ಷಿಣದ ಬೆಟ್ಟಗಳಿಗೆ. ಮಾಡಿದ್ದು ಕಾಫಿ ತೋಟದ ಕೆಲಸ! 1881ರಲ್ಲಿ ಅವನು ಪ್ರಕಟಿಸಿದ ಎರಡು ಸಂಪುಟಗಳ ಗ್ರಂಥದ ವಿಷಯ ದಕ್ಷಿಣ ಭಾರತದ ಕಾಫಿ ಬೇಸಾಯ. 1886ರಲ್ಲಿ ಕಾಫಿಯ ಕೃಷಿ ಮತ್ತು ಲಾಭದ ಬಗೆಗೇ ಮತ್ತೊಂದು ಪುಸ್ತಕ. ಕೊಡಗಿನಲ್ಲಿ ಐರೋಪ್ಯರ ಮೊದಲ ಕಾಫಿ ತೋಟ ಮಡಿಕೇರಿಯ ಬಳಿ ಎದ್ದುದು 1854ರಲ್ಲಿ. ಬಿಳಿಯ ತೋಟಗಾರರ ಆ ಪೀಳಿಗೆಗಳಲ್ಲಿ ಮಳೆ, ಜ್ವರ, ಜಿಗಣೆ, ಕಾಂಡಕೊರಕ ಹುಳ ಇವುಗಳ ಕಥೆ ಹೇಳಿದವರು ಬಹಳ. ಮಂಗಳಕ್ಕೆ ಹೋಗಿಬಂದವನು ಮಾತ್ರ ಇವನೊಬ್ಬನೇ ಇರಬೇಕು. ಅಂತೂ ಕಾಫಿಯ ಬೆಟ್ಟಕ್ಕೂ ಕೆಂಪು ಗ್ರಹಕ್ಕೂ ನಡುವೆ ಕಾಲುದಾರಿಯೊಂದು ಇದ್ದೇ ಇದೆ.

ಆ ಕಾಲುದಾರಿಯಲ್ಲಿ ನನ್ನ ತಂದೆಯವರೂ ಒಮ್ಮೆ ಹೋಗಿಬಂದಿದ್ದರು.

ಅವರು ಸುಂಟಿಕೊಪ್ಪದ ಕಡೆಯ ತೋಟವೊಂದರಲ್ಲಿ ರೈಟರಾಗಿದ್ದರು. ರೈಟರೆಂದರೆ ಗ್ರಂಥಕರ್ತರಲ್ಲ. ಬೆಳಿಗ್ಗೆ ಮಸ್ಟರಿಗೆ ಬಂದ ಆಳುಗಳ ಹೆಸರು ಕರೆದು ಚೆಕ್‌ರೋಲಿನಲ್ಲಿ ಗುರುತು ಹಾಕುವುದು, ಸಂಜೆ ಕೊಯ್ದ ಹಣ್ಣಿನ ಅಳತೆ ಬರೆಯುವುದು, ವಾರಕ್ಕೊಮ್ಮೆ ಕೂಲಿಯ ಲೆಕ್ಕ ಮಾಡುವುದು ಅವರ ಕೆಲಸ. ಬಂಗಲೆಯ ಕಪಾಟಿನಲ್ಲಿ ಹಿಂದಿನ ಕಾಲದ ದೊರೆಗಳು ಬಿಟ್ಟುಹೋದ ಇಂಗ್ಲಿಷ್ ಪುಸ್ತಕಗಳಿದ್ದವು. ಮಾಲೀಕರು ಬೇಕಾದ್ದನ್ನು ಓದಿಕೊಳ್ಳಿ ಎಂದಿದ್ದರು. ತಂದೆಯವರ ಕೈಗೆ ಸಿಕ್ಕಿದ್ದು ರಟ್ಟಿಲ್ಲದ ಒಂದು ಪುಸ್ತಕ. ಮೊದಲ ಕೆಲವು ಹಾಳೆಗಳು ಗೆದ್ದಲಿನ ಪಾಲಾಗಿದ್ದವು. ಹೀಗಾಗಿ ಪುಸ್ತಕದ ಹೆಸರೂ ಇಲ್ಲ, ಬರೆದವನ ಹೆಸರೂ ಇಲ್ಲ. ಎಸ್.ಎಸ್.ಎಲ್.ಸಿ.ಯ ಇಂಗ್ಲಿಷಿನ ಬಲದಿಂದ ಅದನ್ನು ಅವರು ಮಳೆಗಾಲವೊಂದರ ಉದ್ದಕ್ಕೂ ಓದಿದರು. ಆಮೇಲಿನ ಮಳೆಗಾಲಗಳಲ್ಲಿ ನನಗೂ ತಂಗಿಗೂ ಅದನ್ನು ಕಥೆಯಾಗಿ ಹೇಳಿದರು. ಕೊಡಗಿನ ಆಷಾಢ ಬಲ್ಲವರು ಬಲ್ಲರು: ಕರೆಂಟು ಹೋದರೆ ಮೂರು ದಿನಕ್ಕೆ ಬರುವುದಿಲ್ಲ, ಮಾಡಿನ ಮೇಲಿನ ಮಳೆಯ ಸದ್ದಿಗೆ ಕಥೆಯನ್ನು ಕೂಗಿ ಹೇಳಬೇಕು.

ಅವರ ಕಥೆಯಲ್ಲಿ ಜಾನ್ ಕಾರ್ಟರ್ ಇರಲಿಲ್ಲ. ಪಿಂಚಣಿ ಪಡೆದು ಊರಿಗೆ ಬಂದ ಒಬ್ಬ ಸುಬೇದಾರರಿದ್ದರು. ಕಾರಿಯಪ್ಪ ತಿಮ್ಮಯ್ಯನವರ ನಾಡಿನಲ್ಲಿ ಯುದ್ಧಕ್ಕೆ ಹೋಗುವ ವೀರನನ್ನು ಅಮೆರಿಕದಿಂದ ತರಿಸಬೇಕೆ? ಗುಹೆ ಬ್ರಹ್ಮಗಿರಿಯ ಮಗ್ಗುಲಲ್ಲಿತ್ತು. ಸುಬೇದಾರರ ಸೊಂಟದಲ್ಲಿ ಪೀಚೆಕತ್ತಿ. ಮಂಗಳದಲ್ಲಿ ಅವರು ಒಂದು ಹಾರಿಕೆಗೆ ಒಂದು ಬಾಣೆಯನ್ನು ದಾಟುತ್ತಿದ್ದರು. ನಾಲ್ಕು ತೋಳಿನವರು ಬಂದಾಗ ತಂಗಿ, "ವಿಷ್ಣುವಿನ ಹಾಗೆಯೇ?" ಎಂದು ಕೇಳಿದ್ದಳು. "ತೋಳು ನಾಲ್ಕಿದ್ದ ಮಾತ್ರಕ್ಕೆ ದೇವರಾಗುವುದಿಲ್ಲ" ಎಂದು ಅವರು ಉತ್ತರ ಕೊಟ್ಟಿದ್ದರು.

ಗಾಳಿಯ ಕಾರ್ಖಾನೆಯ ಭಾಗಕ್ಕೆ ಬಂದಾಗ ಕಥೆ ಬೇರೆ ದಾರಿ ಹಿಡಿಯುತ್ತಿತ್ತು. ಬರೋಸನಲ್ಲಿ ಆ ಕಾರ್ಖಾನೆಯನ್ನು ಕಾಯುವವರು ಇಬ್ಬರೇ. ತಂದೆಯವರಲ್ಲಿ ಅದನ್ನು ನಡೆಸಲು ಸಾವಿರಾರು ಜನ ಬೇಕಾಗಿತ್ತು. ಅವರ ಹೆಸರು ಯಾವ ಪುಸ್ತಕದಲ್ಲಿಯೂ ಇರಲಿಲ್ಲ. ಗ್ರಹಕ್ಕೆಲ್ಲ ಉಸಿರು ಕೊಡುವವರಿಗೆ ಕೂಲಿ ಕೊಟ್ಟವರೂ ಇಲ್ಲ, ಎಣಿಸಿದವರೂ ಇಲ್ಲ. ಅವರು ಒಬ್ಬೊಬ್ಬರಾಗಿ ಸತ್ತು, ಸತ್ತದ್ದು ಅರಮನೆಗೆ ತಿಳಿಯದೆ, ಗಾಳಿ ಕಡಮೆಯಾಗುತ್ತ ಬರುತ್ತದೆ. ಸುಬೇದಾರರು ಅಲ್ಲಿಗೆ ಹೋಗಿ ಮೊದಲು ಮಾಡುವ ಕೆಲಸ ಕತ್ತಿ ಎಳೆಯುವುದಲ್ಲ. ಒಂದು ಚೆಕ್‌ರೋಲ್ ತೆರೆಯುವುದು! ಹೆಸರು ಹೇಳಿ, ಊರು ಹೇಳಿ, ಎಷ್ಟು ದಿನ ಕೆಲಸ ಮಾಡಿದ್ದೀರಿ ಹೇಳಿ ಎಂದು ಬರೆದುಕೊಳ್ಳುತ್ತ ಹೋಗುತ್ತಾರೆ. ತಂದೆಯವರು ಆ ಹೆಸರುಗಳನ್ನು ಒಂದೊಂದಾಗಿ ಕೂಗುವರು. ಅವು ಮಂಗಳದ ಹೆಸರುಗಳಾಗಿರಲಿಲ್ಲ; ನಮ್ಮ ಲೈನ್ ಮನೆಗಳಲ್ಲಿದ್ದವರ ಹೆಸರುಗಳು. ಜ್ವರದಲ್ಲಿ ಹೋದವರು, ಮರಗಸಿ ಮಾಡುವಾಗ ಬಿದ್ದವರು, ಆನೆ ತುಳಿದವರು. ಹೆಸರು ಮುಗಿದ ಮೇಲೆ ಬಾಗಿಲು ತೆರೆಯುತ್ತಿತ್ತು.

ಇದನ್ನೆಲ್ಲ ಅವರು ಮುಗಿದುಹೋದ ಒಂದು ಚೆಕ್‌ರೋಲ್ ಪುಸ್ತಕದ ಖಾಲಿ ಹಾಳೆಗಳಲ್ಲಿ ಬರೆದಿಟ್ಟರು. ಹೆಸರು, ದಿನ, ದರ, ಮೊತ್ತ ಎಂದು ಗೆರೆ ಎಳೆದ ಅಂಕಣಗಳ ಮೇಲೆಯೇ ಮಂಗಳ ಗ್ರಹ ಅಡ್ಡಡ್ಡಲಾಗಿ ಹರಿದಿದೆ.

ಎಂ.ಎ. ಓದಲು ಮೈಸೂರಿಗೆ ಹೋದಾಗ, ಹಳೆಯ ಪುಸ್ತಕದ ರಾಶಿಯೊಂದರಲ್ಲಿ ಬರೋಸನ ಕಾದಂಬರಿ ನನ್ನ ಕೈಗೆ ಬಂತು. ಎರಡು ಅಧ್ಯಾಯ ಓದುವುದರೊಳಗೆ ಮೈ ಬಿಸಿಯಾಯಿತು. ನನ್ನ ಬಾಲ್ಯದ ಮಳೆಗಾಲಗಳು ಅಪರಿಚಿತನೊಬ್ಬನ ಹೆಸರಿನಲ್ಲಿ ಅಚ್ಚಾಗಿದ್ದವು. ಪುಸ್ತಕವನ್ನು ಊರಿಗೆ ತಂದು ತಂದೆಯವರ ಮುಂದಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಮೊದಲ ಪುಟವನ್ನು ಬಹಳ ಹೊತ್ತು ನೋಡಿದರು. ಗೆದ್ದಲು ತಿಂದಿದ್ದ ಪುಟ ಅದು. "ಇವನೋ ಆಸಾಮಿ!" ಎಂದು ಸಂತೋಷದಿಂದ ನಕ್ಕರು. ಆಮೇಲೆ ನನ್ನ ಮುಖ ನೋಡಿ ಹೇಳಿದರು: "ನಾನು ತೋಟದ ರೈಟರು ಕಣೋ. ಬೆಳೆಯುವವನಲ್ಲ. ಬಂದ ಮಾಲನ್ನು ಬುಕ್ಕಿಗೆ ಹತ್ತಿಸುವವನು."

ಈಗ ತಂದೆಯವರಿಲ್ಲ. ಆ ಪುಸ್ತಕವನ್ನು ಅಚ್ಚು ಹಾಕಿಸಬೇಕೆಂದು ತಂಗಿ ಹಟ ಹಿಡಿದಿದ್ದಾಳೆ. ಮುಖಪುಟದ ಮೇಲೆ ಅವರ ಹೆಸರೊಂದೇ ಇರಬೇಕೆಂಬುದು ಅವಳ ಆಸೆ. "ಜೀವಮಾನವೆಲ್ಲ ಇನ್ನೊಬ್ಬರ ಹೆಸರು ಬರೆದವರು, ಒಂದು ಸಲ ಅವರ ಹೆಸರು ಬರಲಿ" ಎನ್ನುತ್ತಾಳೆ. ಈ ಮಾತಿಗೆ ಸುಲಭವಾಗಿ ಉತ್ತರ ಹೇಳಲು ನನ್ನಿಂದಾಗಲಿಲ್ಲ. ಕಾನೂನಿನ ತೊಡಕೇನೂ ಇಲ್ಲ. ನಮ್ಮ ದೇಶದಲ್ಲಿ ಗ್ರಂಥಕರ್ತನ ಹಕ್ಕು ಅವನ ಮರಣಾನಂತರ ಅರವತ್ತು ವರ್ಷ. ಬರೋಸ್ ತೀರಿಕೊಂಡದ್ದು 1950ರಲ್ಲಿ. ಆದರೆ ಕಾನೂನು ಬಿಟ್ಟುಕೊಟ್ಟ ಮಾತ್ರಕ್ಕೆ ಸಾಲ ಇಲ್ಲವಾಗುವುದೆ?

ಕನ್ನಡದ ಮೇಷ್ಟರಿಗೆ ಈ ಪ್ರಶ್ನೆ ಹೊಸದಲ್ಲ. ರನ್ನನ ಗದಾಯುದ್ಧವನ್ನು ಪಾಠ ಮಾಡುವಾಗಲೆಲ್ಲ ಪಂಪನಿಂದ ಬಂದದ್ದೆಷ್ಟು, ಭಾಸನಿಂದ ಬಂದದ್ದೆಷ್ಟು, ವೇಣೀಸಂಹಾರದಿಂದ ಬಂದದ್ದೆಷ್ಟು ಎಂದು ಬೋರ್ಡಿನ ಮೇಲೆ ಬರೆಯುತ್ತೇವೆ. ಬರೆದು, ರನ್ನ ಮಹಾಕವಿ ಎಂದೇ ಪಾಠ ಮುಗಿಸುತ್ತೇವೆ. ದುರ್ಗಸಿಂಹ ತನ್ನ ಪಂಚತಂತ್ರಕ್ಕೆ ಮೂಲ ವಸುಭಾಗನದೆಂದು ಹೇಳಿಕೊಂಡ. ಗದುಗಿನ ನಾರಣಪ್ಪನಂತೂ ಸಾಲವನ್ನು ಹೆಸರಿನಲ್ಲಿಯೇ ಹೊತ್ತ. ಕುಮಾರವ್ಯಾಸನೆಂದರೆ ವ್ಯಾಸನ ಮಗನೆಂದಲ್ಲವೆ? ಕಾದಂಬರಿಯ ಕಾಲಕ್ಕೆ ಬಂದರೂ ಇದೇ ಕಥೆ. ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ, ಗಳಗನಾಥರು ಮರಾಠಿಯಿಂದ ತಂದು ಬಡಿಸದಿದ್ದರೆ ಕನ್ನಡದಲ್ಲಿ ಕಾದಂಬರಿ ಓದುವ ಹಸಿವೇ ಅಷ್ಟು ಬೇಗ ಹುಟ್ಟುತ್ತಿರಲಿಲ್ಲ. ನಮ್ಮ ನಾಡಿನ ಹರದಾಸ ಅಪ್ಪಚ್ಚಕವಿ ಕೊಡವ ಭಾಷೆಯಲ್ಲಿ ಮೊದಲ ನಾಟಕಗಳನ್ನು ಕಟ್ಟುವಾಗ ಯಯಾತಿಯನ್ನೂ ಸಾವಿತ್ರಿಯನ್ನೂ ಪುರಾಣದಿಂದಲೇ ಕರೆತಂದರು. ಅವರನ್ನು ಸಾಲಗಾರರೆಂದು ಯಾರೂ ಜರೆದುದಿಲ್ಲ.

ಅಗ್ಗದ ಕಾಗದದವರಿಗೆ ಮಾತ್ರ ಈ ರಿಯಾಯಿತಿ ಸಿಗಲಿಲ್ಲ. ಎನ್. ನರಸಿಂಹಯ್ಯನವರು ಪ್ರೈಮರಿ ಶಾಲೆಯ ಓದಿನ ಬಲದ ಮೇಲೆ ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದರು. ಕನ್ನಡ ಬಾವುಟದೊಡನೆ ಹೆಸರು ಬೆಸೆದುಕೊಂಡಿರುವ ಮ. ರಾಮಮೂರ್ತಿಯವರು ಬರೆದದ್ದೂ ಪತ್ತೇದಾರಿ ಕಾದಂಬರಿಗಳನ್ನೇ. ಇವರ ಪುಸ್ತಕಗಳಿಗಾಗಿ ಬಾಡಿಗೆ ಪುಸ್ತಕದ ಅಂಗಡಿಗಳಲ್ಲಿ ಕಾದು ನಿಂತು ಕನ್ನಡದ ಓದನ್ನು ರೂಢಿಸಿಕೊಂಡವರು ಎಷ್ಟು ಮಂದಿಯೋ! ಪಠ್ಯಪುಸ್ತಕದಲ್ಲಿ ಅವರಿಗೆ ಜಾಗವಿಲ್ಲ. ಮಹಾಕವಿಯ ಸಾಲ ಪ್ರಭಾವವೆನ್ನಿಸಿಕೊಳ್ಳುತ್ತದೆ. ಜನಪ್ರಿಯನ ಸಾಲ ಕಳವೆನ್ನಿಸಿಕೊಳ್ಳುತ್ತದೆ.

ಕಳವಿಗೂ ಸಾಲಕ್ಕೂ ನಡುವೆ ಒಂದು ಅಳತೆಗೋಲು ಬೇಡವೆ? ಒಂಬತ್ತನೆಯ ಶತಮಾನದ ಆನಂದವರ್ಧನ ಅದನ್ನು ಮಾಡಿಟ್ಟಿದ್ದಾನೆ. ಧ್ವನ್ಯಾಲೋಕದ ಕೊನೆಯ ಭಾಗದಲ್ಲಿ ಅವನು ಕಾವ್ಯಗಳ ಹೋಲಿಕೆಯನ್ನು ಮೂರಾಗಿ ವಿಂಗಡಿಸುತ್ತಾನೆ. ಒಂದು ಕನ್ನಡಿಯಲ್ಲಿನ ಬಿಂಬದಂತಹುದು. ಅದಕ್ಕೆ ಸ್ವಂತ ಜೀವವಿಲ್ಲ. ಎರಡನೆಯದು ಬರೆದ ಚಿತ್ರದಂತಹುದು. ಅದರ ಜೀವ ಬಹಳ ಸಣ್ಣದು. ಇವೆರಡೂ ಬೇಡ. ಮೂರನೆಯದು ಒಬ್ಬ ಮನುಷ್ಯ ಇನ್ನೊಬ್ಬನನ್ನು ಹೋಲುವಂತಹುದು. ಮೂಗು ಕಣ್ಣು ಒಂದೇ ಇರಬಹುದು, ಉಸಿರು ಬೇರೆ. ಇದನ್ನು ಬಿಡಬೇಕಾಗಿಲ್ಲ ಎಂದು ಅವನ ತೀರ್ಪು. ಜಾನ್ ಕಾರ್ಟರ್ ಗಲಿವರ್ ಜೋನ್ಸನನ್ನು ಹೋಲುತ್ತಾನೆಂದೇ ಇಟ್ಟುಕೊಳ್ಳೋಣ. ಜೋನ್ಸನ ಕಥೆ ಹುಟ್ಟಿದ ಕಾಲಕ್ಕೆ ಯಾರ ಕಣ್ಣಿಗೂ ಬೀಳಲಿಲ್ಲ; ಆಮೇಲೆ ಆರ್ನಾಲ್ಡ್ ಕಾದಂಬರಿಯ ಗೊಡವೆಗೇ ಹೋಗಲಿಲ್ಲ. ಕಾರ್ಟರನದು ಹನ್ನೊಂದು ಪುಸ್ತಕಗಳಾಗಿ ಬೆಳೆಯಿತು. ಬರೋಸನ ವೀರ ಆ ಗ್ರಹವನ್ನು ಪ್ರೀತಿಸಿದ. ಅದೇ ಅವನ ಉಸಿರು.

ಬರೋಸನಿಂದ ಮುಂದಿನವರು ಪಡೆದುದೂ ಕಡಮೆಯಲ್ಲ. 1934ರಲ್ಲಿ ಚಿತ್ರಕಥೆಯಾಗಿ ಬಂದ ಫ್ಲಾಷ್ ಗಾರ್ಡನ್ ಅವನ ಬಳಗದವನೇ. 1938ರಲ್ಲಿ ಹುಟ್ಟಿದ ಸೂಪರ್‌ಮ್ಯಾನ್ ಮೊದಮೊದಲು ಹಾರುತ್ತಿರಲಿಲ್ಲ, ಜಿಗಿಯುತ್ತಿದ್ದ. ಆ ಜಿಗಿತದಲ್ಲಿ ಕಾರ್ಟರನ ಪಾಲಿದೆ. 1965ರ ಜುಲೈಯಲ್ಲಿ ಮ್ಯಾರಿನರ್ ನೌಕೆ ಮಂಗಳನ ಬಳಿ ಹಾದು ಚಿತ್ರ ಕಳಿಸಿದಾಗ ನಾಲೆಯೂ ಇರಲಿಲ್ಲ, ರಾಜಕುಮಾರಿಯೂ ಇರಲಿಲ್ಲ, ಬರಿಯ ಕುಳಿಗಳು. ಆದರೂ ಖಗೋಳಜ್ಞ ಕಾರ್ಲ್ ಸೇಗನ್ನನು ಬಾಲ್ಯದಲ್ಲಿ ಬರೋಸನನ್ನು ಓದಿಯೇ ಮಂಗಳದ ಕನಸು ಕಂಡವನು. 2014ರ ಸೆಪ್ಟೆಂಬರ್ 24ರಂದು ನಮ್ಮ ಮಂಗಳಯಾನ ಆ ಗ್ರಹದ ಸುತ್ತ ಸೇರಿಕೊಂಡಾಗ, ಅದರ ಮಾತು ಕೇಳಲು ಕಿವಿಗೊಟ್ಟಿದ್ದ ದೊಡ್ಡ ಆಂಟೆನಾ ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿತ್ತು. ಇನ್ನೊಂದು ವಿನೋದ ನೋಡಿ. 2012ರಲ್ಲಿ ಬರೋಸನ ಮೊದಲ ಕಥೆ ದೊಡ್ಡ ಖರ್ಚಿನ ಚಲನಚಿತ್ರವಾಗಿ ಬಂದಾಗ, ಇದೆಲ್ಲ 'ಸ್ಟಾರ್ ವಾರ್ಸ್', 'ಅವತಾರ್'ಗಳಲ್ಲಿ ನೋಡಿದ್ದೇ ಎಂದು ಪ್ರೇಕ್ಷಕರು ಮೂಗು ಮುರಿದರು. ಅವೆಲ್ಲ ಇವನ ಕಣಜದಿಂದ ಅಳೆದುಕೊಂಡು ಹೋದವು! ಸಾಲ ಕೊಟ್ಟವನೇ ಸಾಲಗಾರನಾಗಿ ಕಟಕಟೆಯಲ್ಲಿ ನಿಂತ. ಲೆಕ್ಕ ಬರೆದಿಡದಿದ್ದರೆ ಆಗುವುದು ಹೀಗೆ.

ನಮ್ಮವರ ಲೆಕ್ಕವನ್ನು ತೆಗೆಯಹೊರಟರೆ ಅದು ಇನ್ನೂ ಹಿಂದಕ್ಕೆ ಹೋಗುತ್ತದೆ. ಭೂಮಿಯ ವೀರನೊಬ್ಬನನ್ನು ಮೇಲಿನ ಲೋಕದವರು ರಥ ಕಳಿಸಿ ಕರೆಸಿಕೊಳ್ಳುತ್ತಾರೆ. ಅವನು ಅಲ್ಲಿ ಐದು ವರ್ಷವಿದ್ದು ಅವರ ಶತ್ರುಗಳನ್ನು ಗೆಲ್ಲುತ್ತಾನೆ. ಆಕಾಶದಲ್ಲಿ ಚಲಿಸುವ ಹಿರಣ್ಯಪುರವನ್ನು ಕೆಡವುತ್ತಾನೆ. ಅಲ್ಲಿನ ಸುಂದರಿಯೊಬ್ಬಳು ಅವನಿಗೆ ಮನಸೋಲುತ್ತಾಳೆ. ಮಾತಲಿಯ ರಥವನ್ನೇರಿದ ಅರ್ಜುನನ ಕಥೆ ಇದು. ಅರಣ್ಯಪರ್ವದಲ್ಲಿ ಯಾರು ಬೇಕಾದರೂ ನೋಡಬಹುದು. ಇದನ್ನು ಹೇಳಿದ ಕೂಡಲೆ ಬರೋಸ್ ನಮ್ಮಿಂದ ಕದ್ದನೆಂದು ಎದೆ ತಟ್ಟಿಕೊಳ್ಳುವವರಿದ್ದಾರೆ. ಆ ಗುಂಪಿಗೆ ನಾನು ಸೇರಿದವನಲ್ಲ. ಬೇರೆ ಬೇರೆ ಊರಿನ ಜನ ಇರುಳಿನಲ್ಲಿ ಮೇಲೆ ನೋಡಿದಾಗ ಒಂದೇ ಬಗೆಯ ಆಸೆ ಹುಟ್ಟುವುದು ಸಹಜ. ಆದರೆ ತಂಗಿ ನಾಲ್ಕು ತೋಳಿನ ಬಗ್ಗೆ ಪ್ರಶ್ನೆ ಕೇಳಿದಾಗ, ತಂದೆಯವರು ಉತ್ತರ ಕೊಟ್ಟಾಗ, ಇಂಗ್ಲಿಷಿನ ಪುಸ್ತಕ ಈ ಹಳೆಯ ನೆಲದ ಮೇಲೆ ಬಿದ್ದು ಬೇರು ಬಿಟ್ಟಿತು. ಕಾಫಿಯೂ ನಮ್ಮದಲ್ಲವಷ್ಟೆ? ಬಾಬಾ ಬುಡನ್ ಅರಬಸ್ಥಾನದಿಂದ ಏಳು ಬೀಜ ಬಚ್ಚಿಟ್ಟು ತಂದರೆಂದು ಐತಿಹ್ಯ. ಇಂದು ಹಲಸು ಅತ್ತಿಗಳ ನೆರಳಿನಲ್ಲಿ, ಮೆಣಸಿನ ಬಳ್ಳಿಯ ಪಕ್ಕದಲ್ಲಿ ಬೆಳೆದು ನಿಂತಿರುವ ಗಿಡವನ್ನು ಕದ್ದ ಮಾಲೆಂದು ಕರೆಯುವವರು ಯಾರು? ಹಾಗೆಂದು ಏಳು ಬೀಜದ ಕಥೆಯನ್ನೂ ಯಾರೂ ಮುಚ್ಚಿಡಲಿಲ್ಲ. ಹೇಳುತ್ತಲೇ ಬಂದಿದ್ದಾರೆ.

ಈ ಅಳತೆಗೋಲನ್ನು ತಂದೆಯವರ ಹಾಳೆಗಳ ಮೇಲಿಟ್ಟು ನೋಡಿದ್ದೇನೆ. ಮಗನೆಂಬ ಮೋಹ ಬಿಟ್ಟು ಹೇಳುವುದಾದರೆ, ಮೊದಲ ಅರ್ಧ ಬಹುಮಟ್ಟಿಗೆ ಕನ್ನಡಿಯ ಬಿಂಬ. ಬ್ರಹ್ಮಗಿರಿ, ಪೀಚೆಕತ್ತಿಗಳು ಬಿಂಬಕ್ಕೆ ತೊಡಿಸಿದ ಬಟ್ಟೆ. ಚೆಕ್‌ರೋಲ್ ತೆರೆದ ಪುಟದಿಂದ ಮುಂದೆ ಬೇರೆ ಉಸಿರಾಡತೊಡಗುತ್ತದೆ. ಅಲ್ಲಿನ ಒಂದು ಮಾತೂ ಷಿಕಾಗೋದಿಂದ ಬಂದುದಲ್ಲ. ಮೂವತ್ತು ವರ್ಷ ಬೆಳಿಗ್ಗೆ ಮಂಜಿನಲ್ಲಿ ನಿಂತು ಹೆಸರು ಕರೆದವರಿಗೆ ಮಾತ್ರ ಹೊಳೆಯಬಹುದಾದ ಮಾತು ಅದು.

ತಂಗಿಗೆ ಇದನ್ನೇ ಹೇಳಿದೆ. ಮುಖಪುಟದ ಮೇಲೆ ತಂದೆಯವರ ಹೆಸರಿರಲಿ. ಒಳಗಿನ ಮೊದಲ ಪುಟದಲ್ಲಿ, ಗೆದ್ದಲು ತಿಂದ ಜಾಗದಲ್ಲಿ, ಬರೋಸನ ಹೆಸರು, ಅವನ ಪುಸ್ತಕದ ಹೆಸರು, 1912 ಎಂಬ ವರ್ಷ. ಅವನ ಹಿಂದೆ ನಿಂತಿರಬಹುದಾದ ಕಾಫಿ ತೋಟದ ಆರ್ನಾಲ್ಡನ ಹೆಸರು. "ಇಷ್ಟು ಜನರ ಹೆಸರು ಬಂದ ಮೇಲೆ ಅಪ್ಪನಿಗೆ ಉಳಿಯುವುದೇನು?" ಎಂದು ಅವಳು ಕೇಳಿದಳು. ನಾನು ಆ ಹಾಳೆಗಳನ್ನು ತೆರೆದು ಲೈನ್ ಮನೆಗಳ ಹೆಸರುಗಳಿದ್ದ ಪುಟವನ್ನು ತೋರಿಸಿದೆ. ಅವಳು ಅದನ್ನು ಕೂಗಿ ಓದತೊಡಗಿ ನಡುವೆ ನಿಲ್ಲಿಸಿದಳು. ಆಮೇಲೆ ವಾದ ಮಾಡಲಿಲ್ಲ.

ಹುಟ್ಟಿದವನಿಗೆ ಮೂರು ಋಣಗಳೆಂದು ನಮ್ಮ ಹಿರಿಯರು ಎಣಿಸಿದ್ದರು: ದೇವಋಣ, ಋಷಿಋಣ, ಪಿತೃಋಣ. ಇವುಗಳಲ್ಲಿ ಕೊನೆಯ ಎರಡರ ರೀತಿ ವಿಚಿತ್ರವಾದುದು. ಋಷಿಗೆ ಅವನ ವಿದ್ಯೆಯನ್ನು ಹಿಂದಿರುಗಿಸುವಂತಿಲ್ಲ. ಕಲಿತು ಇನ್ನೊಬ್ಬನಿಗೆ ಕಲಿಸಿದರೆ ಅದು ತೀರುತ್ತದೆ. ತಂದೆಗೆ ಅವನು ಕೊಟ್ಟ ಬಾಳನ್ನು ಹಿಂದಿರುಗಿಸುವಂತಿಲ್ಲ. ಮುಂದಿನ ಕುಡಿಗೆ ದಾಟಿಸಿದರೆ ತೀರುತ್ತದೆ. ಕಥೆಯ ಸಾಲವೂ ಇದೇ ಜಾತಿಯದೆಂದು ನನಗೆ ತೋರುತ್ತದೆ. ಬರೋಸ್ ಆರ್ನಾಲ್ಡನಿಗೆ ಕೊಡಬೇಕಾದುದನ್ನು ಸುಂಟಿಕೊಪ್ಪದ ರೈಟರೊಬ್ಬರಿಗೆ ಕೊಟ್ಟ. ಅವರು ಬರೋಸನಿಗೆ ಕೊಡಬೇಕಾದುದನ್ನು ಕರೆಂಟಿಲ್ಲದ ಇರುಳಿನಲ್ಲಿ ಎರಡು ಮಕ್ಕಳಿಗೆ ಕೊಟ್ಟರು. ಕೊಟ್ಟವರಿಗೇ ಮರಳಿಸಬೇಕೆಂಬ ನಿಯಮ ಇಲ್ಲಿ ಇಲ್ಲ. ಆದರೆ ಯಾರಿಂದ ಬಂತೆಂದು ಬರೆದಿಡಬೇಕೆಂಬ ನಿಯಮ ಉಂಟು. ಬಂದ ಮಾಲನ್ನು ಬುಕ್ಕಿಗೆ ಹತ್ತಿಸುವವನು ಸಣ್ಣವನೆಂದು ತಿಳಿಯುವವರಿಗೆ ತೋಟ ನಡೆಯುವ ರೀತಿ ಗೊತ್ತಿಲ್ಲ. ಅವನು ಒಂದು ದಿನ ಬಾರದಿದ್ದರೆ ಆ ದಿನ ದುಡಿದವರು ಯಾರೂ ದುಡಿದಂತಾಗುವುದಿಲ್ಲ. ಹಾಳೆಗಳನ್ನು ಈಗ ನಾನು ಶುದ್ಧಪ್ರತಿ ಮಾಡುತ್ತಿದ್ದೇನೆ. ಲೈನ್ ಮನೆಗಳ ಆ ಹೆಸರುಗಳಲ್ಲಿ ಒಂದನ್ನೂ ಬಿಡುವುದಿಲ್ಲ.